‘ಇನ್‌ಹ್ಯಾಬಿಟ್’ ಆದ ಮೇಲೆ ‘ಇನ್’ ಯಾಕೆ ಬರಲ್ಲ? ನಮ್ಮ ‘ಇರು’ಗೆ ಇಂಗ್ಲಿಷಿನಲ್ಲಿ ಸರಿಯಾದ ಪದ ಯಾವುದು?

ಹೊಸಕಲಿಕೆ
ಎಲ್ಲರಿಗೂ ನಮಸ್ಕಾರ. ಒಂದು ಕೆಲಸಕ್ಕೆ ಅರ್ಜಿ ಹಾಕುತ್ತಿದ್ದೇನೆ, ಅದರಲ್ಲಿ ನನ್ನ ಬಗ್ಗೆ ನಾಲ್ಕು ಸಾಲು ಇಂಗ್ಲಿಷಿನಲ್ಲಿ ಬರೆಯಬೇಕು. ಮೊದಲ ಸಾಲು ಹೀಗೆ ಬರೆದೆ: ‘ಐ ಆ್ಯಮ್ ಇನ್‌ಹ್ಯಾಬಿಟಿಂಗ್ ಇನ್ ದಿಸ್ ಸಿಟಿ ಸಿನ್ಸ್ ಸಿಕ್ಸ್ ಇಯರ್ಸ್.’ ನಿಘಂಟಿನಲ್ಲಿ ‘ಇನ್‌ಹ್ಯಾಬಿಟ್’ ಅಂದರೆ ‘ವಾಸಿಸು’ ಅಂತಲೇ ಇತ್ತು. ‘ಲಿವ್’ ತೀರಾ ಸಾದಾ ಅನ್ನಿಸಿತು, ಅರ್ಜಿ ಅಂದಮೇಲೆ ಸ್ವಲ್ಪ ತೂಕದ ಪದ ಇರಲಿ ಅಂತ ಇದನ್ನು ಹಾಕಿದೆ. ಗೆಳತಿ ಓದಿ ‘ಇದರಲ್ಲಿ ಮೂರು ತಪ್ಪಿದೆ ಕಣೇ’ ಅಂದಳು. ಯಾವ ಮೂರು ಅಂದರೆ ಹೇಳೋಕೆ ಅವಳಿಗೂ ಬರಲಿಲ್ಲ, ಕಿವಿಗೆ ಸರಿ ಕೇಳಲ್ಲ ಅಷ್ಟೇ ಅಂದಳು. ಯಾರಾದರೂ ಬಿಡಿಸಿ ಹೇಳ್ತೀರಾ? ನನಗೆ ಸರಿಯಾದ ವಾಕ್ಯ ಮಾತ್ರ ಸಾಲದು, ಯಾಕೆ ಅಂತಲೂ ಬೇಕು.

ಹಳೇಮೇಷ್ಟ್ರು
ಮೂರಲ್ಲಮ್ಮ, ನಾಲ್ಕು. ಒಂದೊಂದಾಗಿ ನೋಡೋಣ.

ಮೊದಲು ಆ ‘ಇನ್’. ‘ಇನ್‌ಹ್ಯಾಬಿಟ್’ ಜಾಗವನ್ನು ನೇರವಾಗಿ ಹಿಡಿಯುತ್ತದೆ, ನಡುವೆ ಇನ್ನೊಂದು ಪದ ಬೇಡ. ನಾವು ‘ಮನೆ ಸೇರಿದೆ’ ಅಂತೀವಿ, ‘ಮನೆಯಲ್ಲಿ ಸೇರಿದೆ’ ಅನ್ನಲ್ಲ ಅಲ್ವಾ, ಹಾಗೆ. ‘ಪೆಂಗ್ವಿನ್ಸ್ ಇನ್‌ಹ್ಯಾಬಿಟ್ ದಿ ಕೋಸ್ಟ್ ಆಫ್ ಅಂಟಾರ್ಕ್ಟಿಕಾ’ ಅಂದರೆ ಮುಗೀತು. ‘ಲಿವ್’, ‘ರಿಸೈಡ್’ ಎರಡಕ್ಕೂ ಮಾತ್ರ ‘ಇನ್’, ‘ಆ್ಯಟ್’, ‘ಆನ್’ ಯಾವುದಾದರೂ ಒಂದು ಬೇಕೇ ಬೇಕು. ‘ಐ ಲಿವ್ ದಿಸ್ ಸಿಟಿ’ ಆಗಲ್ಲ.

ಎರಡನೆಯದು, ‘ಐ’ ಜೊತೆ ‘ಇನ್‌ಹ್ಯಾಬಿಟ್’. ವ್ಯಾಕರಣದ ಪ್ರಕಾರ ತಪ್ಪಿಲ್ಲ. ಆದರೆ ಈ ಪದ ಸಾಮಾನ್ಯವಾಗಿ ಗುಂಪಿಗೆ ಸಲ್ಲುವಂಥದ್ದು. ಒಂದು ಜಾತಿಯ ಪ್ರಾಣಿ, ಒಂದು ಜನಾಂಗ, ಒಂದು ದ್ವೀಪದ ಜನ, ಇವರ ಬಗ್ಗೆ ಬರೆಯುವಾಗ ಬರುತ್ತದೆ. ಒಬ್ಬ ವ್ಯಕ್ತಿ ತನ್ನ ಬಗ್ಗೆ ಹೀಗೆ ಹೇಳಿಕೊಂಡರೆ ಪ್ರಾಣಿಶಾಸ್ತ್ರದ ಪುಸ್ತಕದಿಂದ ಎತ್ತಿದ ಸಾಲಿನ ಹಾಗೆ ಕೇಳಿಸುತ್ತದೆ. ನಿಮ್ಮ ಗೆಳತಿಯ ಕಿವಿಗೆ ಮೊದಲು ತಟ್ಟಿದ್ದು ಇದೇ ಇರಬೇಕು.

ಮೂರನೆಯದು ‘ಸಿನ್ಸ್ ಸಿಕ್ಸ್ ಇಯರ್ಸ್’. ಕನ್ನಡದಲ್ಲಿ ‘2019ರಿಂದ ಇದ್ದೇನೆ’, ‘ಆರು ವರ್ಷದಿಂದ ಇದ್ದೇನೆ’, ಎರಡಕ್ಕೂ ಒಂದೇ ‘ಇಂದ’. ಇಂಗ್ಲಿಷು ಇದನ್ನು ಸೀಳುತ್ತದೆ. ಶುರುವಾದ ಹೊತ್ತು ಹೇಳಿದರೆ ‘ಸಿನ್ಸ್’, ಕಳೆದ ಕಾಲದ ಉದ್ದ ಹೇಳಿದರೆ ‘ಫಾರ್’. ‘ಸಿನ್ಸ್ 2019’, ‘ಫಾರ್ ಸಿಕ್ಸ್ ಇಯರ್ಸ್’.

ನಾಲ್ಕನೆಯದು ‘ಆ್ಯಮ್’. ಅಂದು ಶುರುವಾಗಿ ಇಂದೂ ನಡೆಯುತ್ತಿರುವುದನ್ನು ಉದ್ದದ ಜೊತೆ ಹೇಳುವಾಗ ಬರೀ ‘ಆ್ಯಮ್’ ಸಾಲದು, ‘ಹ್ಯಾವ್’ ಬರಬೇಕು. ‘ಐ ಹ್ಯಾವ್ ಲಿವ್ಡ್ ಇನ್ ದಿಸ್ ಸಿಟಿ ಫಾರ್ ಸಿಕ್ಸ್ ಇಯರ್ಸ್.’ ‘ಐ ಹ್ಯಾವ್ ಬೀನ್ ಲಿವಿಂಗ್’ ಅಂದರೂ ಸರಿ.

ಹೊಸಕಲಿಕೆ
ಧನ್ಯವಾದ ಮೇಷ್ಟ್ರೇ. ಮೊದಲ ಮೂರು ಅರ್ಥ ಆಯ್ತು. ನಾಲ್ಕನೆಯದು ಇನ್ನೂ ತಲೆಗೆ ಇಳಿದಿಲ್ಲ. ನಾನು ಈಗ ಇಲ್ಲೇ ಇದ್ದೇನಲ್ಲ, ಈಗಿನ ವಿಷಯಕ್ಕೆ ‘ಹ್ಯಾವ್ ಲಿವ್ಡ್’ ಅಂತ ಮುಗಿದುಹೋದ ಹಾಗೆ ಯಾಕೆ ಹೇಳಬೇಕು?

ಪದಬೇಟೆ
ನಾನು ಅನುವಾದ ಮಾಡಿ ಹೊಟ್ಟೆ ಹೊರೆಯುವವಳು, ನನಗೂ ಬಹಳ ದಿನ ಇದೇ ಗೊಂದಲ ಇತ್ತು. ಬಿಡಿಸಿಕೊಟ್ಟಿದ್ದು ಕನ್ನಡವೇ. ‘ಇದ್ದೆ’ ಅನ್ನೋದನ್ನೂ ‘ಇದ್ದೇನೆ’ ಅನ್ನೋದನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಎರಡರಲ್ಲೂ ಒಂದೇ ‘ಇದ್ದ್’ ಇದೆ. ‘ಇದ್ದೆ’ ಹಳೆಯ ಮಾತು, ‘ಇದ್ದೇನೆ’ ಈಗಿನ ಮಾತು, ಆದರೂ ಬುಡ ಒಂದೇ. ಅಂದರೆ ನಾವು ‘ಇದ್ದೇನೆ’ ಅನ್ನುವಾಗ ಇಲ್ಲಿವರೆಗೆ ಇದ್ದು, ಈಗಲೂ ಹಾಗೇ ಇರುವುದು ಎರಡನ್ನೂ ಒಂದೇ ಉಸಿರಿಗೆ ಹೇಳಿಬಿಡುತ್ತೇವೆ. ‘ಇರುತ್ತೇನೆ’ ಬೇರೆ. ‘ಆರು ವರ್ಷದಿಂದ ಇಲ್ಲಿ ಇರುತ್ತೇನೆ’ ಅಂತ ಯಾರೂ ಅನ್ನಲ್ಲ, ಅಂದರೆ ನಮ್ಮ ಕಿವಿಗೂ ತಪ್ಪು ಅನ್ನಿಸುತ್ತದೆ. ‘ಐ ಆ್ಯಮ್ ಲಿವಿಂಗ್ ಫಾರ್ ಸಿಕ್ಸ್ ಇಯರ್ಸ್’ ಅನ್ನೋದು ಇಂಗ್ಲಿಷಿನವರ ಕಿವಿಗೆ ಹೆಚ್ಚು ಕಡಿಮೆ ಹಾಗೇ ಕೇಳುತ್ತದೆ. ‘ಆರು ವರ್ಷದಿಂದ ಇದ್ದೇನೆ’ಯಲ್ಲಿರುವ ಆ ‘ಇದ್ದ್’ ಮಾಡುವ ಕೆಲಸವನ್ನೇ ‘ಹ್ಯಾವ್’ ಮಾಡುತ್ತೆ ಅಂದುಕೊಳ್ಳಿ, ಮತ್ತೆ ಮರೆಯಲ್ಲ.

ಹಳೇಮೇಷ್ಟ್ರು
ಇದು ಬಹಳ ಚೆನ್ನಾಗಿದೆ. ಇಷ್ಟು ವರ್ಷ ಪಾಠ ಹೇಳಿದರೂ ಈ ದಾರಿ ನನಗೆ ಹೊಳೆದಿರಲಿಲ್ಲ.

ಒಂದು ಉದಾಹರಣೆ ಸೇರಿಸುತ್ತೇನೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಇದೆಯಲ್ಲ, ಅಲ್ಲಿ 2000ದ ನವೆಂಬರ್‌ನಿಂದ ಒಂದು ದಿನವೂ ಬಿಡದೆ ಯಾರಾದರೂ ಇದ್ದೇ ಇದ್ದಾರೆ. ‘ಪೀಪಲ್ ಹ್ಯಾವ್ ಲಿವ್ಡ್ ಆನ್ ದಿ ಸ್ಪೇಸ್ ಸ್ಟೇಷನ್ ಸಿನ್ಸ್ ನವೆಂಬರ್ 2000.’ ಉದ್ದ ಹೇಳಬೇಕಾದರೆ ‘ಫಾರ್ ಮೋರ್ ದ್ಯಾನ್ 20 ಇಯರ್ಸ್’. ಈಗ ಅಲ್ಲಿರುವ ಒಬ್ಬರ ಬಗ್ಗೆ ಹೇಳುವಾಗ ‘ಶೀ ಈಸ್ ಲಿವಿಂಗ್ ಆನ್ ದಿ ಸ್ಪೇಸ್ ಸ್ಟೇಷನ್’ ಅಂದರೆ ಚಂದ, ಯಾಕೆಂದರೆ ಆಕೆ ಕೆಲವು ತಿಂಗಳಿಗೆ ಹೋಗಿರುವವರು, ವಾಪಸ್ ಬರುತ್ತಾರೆ. ‘ಈಸ್ ಲಿವಿಂಗ್’ ಅಂದರೆ ಸದ್ಯಕ್ಕೆ. ‘ಲಿವ್ಸ್’ ಅಂದರೆ ಅದೇ ಅವರ ನೆಲೆ.

ಅಲ್ಲಿ ‘ಇನ್’ ಇಲ್ಲ, ‘ಆನ್’ ಇದೆ, ಗಮನಿಸಿ. ದ್ವೀಪ, ಹೊಲ-ತೋಟ, ಚಂದ್ರ, ಇವಕ್ಕೆಲ್ಲ ‘ಆನ್’. ಮಹಡಿಗೂ ‘ಆನ್ ದಿ ಥರ್ಡ್ ಫ್ಲೋರ್’. ದೇಶ, ಊರು, ಮನೆ ಇವಕ್ಕೆ ‘ಇನ್’. ಮನೆ ನಂಬರಿನ ಜೊತೆ ಪೂರ್ತಿ ವಿಳಾಸ ಕೊಟ್ಟರೆ ‘ಆ್ಯಟ್’. ರಸ್ತೆಯ ವಿಷಯದಲ್ಲಿ ಮಾತ್ರ ಅವರಲ್ಲೇ ಒಮ್ಮತ ಇಲ್ಲ, ಅಮೆರಿಕದವರು ‘ಆನ್’ ಅಂತಾರೆ, ಬ್ರಿಟನ್ನಿನಲ್ಲಿ ‘ಇನ್’ ಜಾಸ್ತಿ. ಯಾವುದು ಬಳಸಿದರೂ ತಪ್ಪಿಲ್ಲ.

ಸಣ್ಣಮಾತು
ನನ್ನದೊಂದು ತಕರಾರು. ಅರ್ಜಿಗೆ ‘ಲಿವ್’ ಹಾಕಿದರೆ ಗೌರವ ಕಡಿಮೆ ಆಗಲ್ವಾ? ನಾನು ಯಾವಾಗಲೂ ‘ರಿಸೈಡ್’ ಬಳಸುತ್ತೇನೆ. ‘ಮೈ ಗ್ರ್ಯಾಂಡ್‌ಮದರ್ ರಿಸೈಡ್ಸ್ ವಿತ್ ಅಸ್’ ಅಂದರೆ ಅಜ್ಜಿಗೆ ಮರ್ಯಾದೆ ಕೊಟ್ಟ ಹಾಗೆ ಅಂತ ನನ್ನ ಭಾವನೆ. ನಾವು ದೊಡ್ಡವರಿಗೆ ‘ಬನ್ನಿ’ ಅನ್ನೋ ಕಡೆ ‘ದಯಮಾಡಿಸಿ’ ಅನ್ನಲ್ವಾ?

ಹಳೇಮೇಷ್ಟ್ರು
ನಿಮ್ಮ ಮನಸ್ಸು ಒಳ್ಳೆಯದು, ಆದರೆ ಆ ಮರ್ಯಾದೆ ಅವರಿಗೆ ತಲುಪಲ್ಲ. ಕನ್ನಡದಲ್ಲಿ ಗೌರವ ಕ್ರಿಯಾಪದದ ತುದಿಯಲ್ಲೇ ಕೂತಿರುತ್ತದೆ. ಇದ್ದಾನೆ, ಇದ್ದಾಳೆ, ಇದ್ದಾರೆ. ಇಂಗ್ಲಿಷಿನ ಕ್ರಿಯಾಪದಕ್ಕೆ ಆ ಜಾಗವೇ ಇಲ್ಲ. ‘ರಿಸೈಡ್’ ಅನ್ನೋದು ಗೌರವದ ಪದ ಅಲ್ಲ, ಕಾಗದಪತ್ರದ ಪದ. ಅಜ್ಜಿಯ ಬಗ್ಗೆ ಆ ವಾಕ್ಯ ಓದಿದವರಿಗೆ ಅಫಿಡವಿಟ್ ಓದಿದ ಹಾಗೆ ಆಗುತ್ತದೆ, ಅಜ್ಜಿ ದೂರದವರಾಗಿಬಿಡುತ್ತಾರೆ. ‘ಮೈ ಗ್ರ್ಯಾಂಡ್‌ಮದರ್ ಲಿವ್ಸ್ ವಿತ್ ಅಸ್’ ಅನ್ನಿ. ಅದರಲ್ಲೇ ಪ್ರೀತಿ ಇದೆ.

ವಿಳಾಸ ಖಚಿತಪಡಿಸುವ ಪತ್ರ, ಕರಾರು, ಕೋರ್ಟಿನ ಕಾಗದ, ಇಲ್ಲೆಲ್ಲ ‘ರಿಸೈಡ್’ ಸರಿಯಾದ ಪದ. ಅಲ್ಲೂ ‘ಐ ಆ್ಯಮ್ ರಿಸೈಡಿಂಗ್ ಆ್ಯಟ್’ ಅಂತ ಎಳೆಯಬೇಡಿ, ‘ಐ ರಿಸೈಡ್ ಆ್ಯಟ್’ ಸಾಕು. ಇನ್ನು ಉಚ್ಚಾರ. ‘ರಿ’ ಮೇಲೆ ಒತ್ತಿಲ್ಲ, ಎರಡನೇ ಭಾಗದ ಮೇಲೆ ಒತ್ತು, ನಡುವಿನ ‘ಸ’ ಹೆಚ್ಚು ಕಡಿಮೆ ‘ಜ಼’ ಆಗುತ್ತದೆ. ‘ರೆಸಿಡೆಂಟ್’ನಲ್ಲಿ ಒತ್ತು ಮೊದಲಿಗೇ ಬಂದುಬಿಡುತ್ತದೆ.

ಪದಬೇಟೆ
‘ರಿಸೈಡ್’ ಹುಟ್ಟಿದ ಬಗೆ ನನಗೆ ಬಹಳ ಇಷ್ಟ. ಲ್ಯಾಟಿನ್‌ನಲ್ಲಿ ‘ಕೂರು’ ಅನ್ನೋ ಧಾತುವಿನಿಂದ ಬಂದಿದ್ದು, ಒರಗಿ ಕೂತು ಅಲ್ಲೇ ಉಳಿದುಬಿಡುವುದು ಅಂತ ಅರ್ಥ. ಪಾತ್ರೆಯ ತಳದಲ್ಲಿ ಉಳಿಯುವ ‘ರೆಸಿಡ್ಯೂ’ ಇದರದ್ದೇ ಬಳಗ. ನೀರಿನಡಿ ಕೂರುವ ‘ಸೆಡಿಮೆಂಟ್’ ಕೂಡ ಅದೇ ‘ಕೂರು’ವಿನ ಮಗು. ಈಗ ನಮ್ಮ ‘ತಳವೂರು’ ನೆನಪು ಮಾಡಿಕೊಳ್ಳಿ. ‘ಅವರು ಅಲ್ಲೇ ತಳವೂರಿದ್ದಾರೆ’ ಅಂತೀವಿ. ಎರಡು ಭಾಷೆಗೂ ಸಂಬಂಧ ಇಲ್ಲ, ಆದರೂ ಎರಡಕ್ಕೂ ಕಂಡಿದ್ದು ಅದೇ, ಕೆಳಗಿಳಿದು ನಿಂತದ್ದು. ಅನುವಾದ ಮಾಡುವಾಗ ಇಂಥದ್ದೊಂದು ಸಿಕ್ಕಿದರೆ ಆ ದಿನವೆಲ್ಲ ಖುಷಿ.

ಸೊನ್ನೆಒಂದು
ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಈ ಎರಡೂ ಪದ ದಿನಾ ಬರುತ್ತವೆ, ಮನುಷ್ಯರಿಗಲ್ಲ, ಫೈಲುಗಳಿಗೆ. ದಾಖಲೆಯಲ್ಲಿ ಬರೆಯುವಾಗ ‘ದಿ ಡೇಟಾ ರಿಸೈಡ್ಸ್ ಆನ್ ದಿಸ್ ಸರ್ವರ್’. ಪಕ್ಕದವರನ್ನು ಕೇಳುವಾಗ ‘ವೇರ್ ಡಸ್ ದಿಸ್ ಫೈಲ್ ಲಿವ್?’ ಎರಡೂ ಸರಿಯೇ, ಒಂದು ಬರಹದ್ದು, ಇನ್ನೊಂದು ಬಾಯಿಮಾತಿನದ್ದು. ಕನ್ನಡದಲ್ಲಿ ‘ಈ ಫೈಲು ಎಲ್ಲಿ ವಾಸಿಸುತ್ತದೆ’ ಅಂದರೆ ಯಾರೂ ಒಪ್ಪಲ್ಲ, ‘ಈ ಫೈಲು ಎಲ್ಲಿರುತ್ತೆ’ ಅಂತ ಕೇಳಿದರೆ ಸಲೀಸಾಗಿ ಹೋಗುತ್ತದೆ. ಮನೆಯ ಸಾಮಾನಿಗೂ ಅವರು ಹಾಗೇ ಅನ್ನುತ್ತಾರೆ. ‘ವೇರ್ ಡು ದೀಸ್ ಸ್ಪೂನ್ಸ್ ಲಿವ್?’ ಅಂದರೆ ಚಮಚ ಇಡೋ ಜಾಗ ಯಾವುದು ಅಂತ.

‘ರಿಸೈಡ್’ಗೆ ಇನ್ನೊಂದು ದೊಡ್ಡ ಬಳಕೆ ಅಧಿಕಾರದ ವಿಷಯದಲ್ಲಿದೆ. ‘ಪವರ್ ರಿಸೈಡ್ಸ್ ಇನ್ ದಿ ಪೀಪಲ್.’ ಇಲ್ಲಿ ‘ಲಿವ್ಸ್’ ಹಾಕಿದರೆ ಕೆಡುತ್ತದೆ.

ದೂರದೂರು
‘ಸ್ಟೇ’ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮಲ್ಲಿ ‘ವೇರ್ ಡು ಯು ಸ್ಟೇ?’ ಅಂತ ಕೇಳೋದು ಬಹಳ ರೂಢಿ. ಓದಲು ಹೊರದೇಶಕ್ಕೆ ಬಂದ ಮೊದಲ ವಾರ ಸಹಪಾಠಿಯೊಬ್ಬಳನ್ನು ಹಾಗೆ ಕೇಳಿದೆ. ‘ನಾನು ಎಲ್ಲೂ ತಂಗಿಲ್ಲ, ನನ್ನ ಮನೆ ಇಲ್ಲೇ ಇದೆ’ ಅಂದಳು. ಅವಳ ಕಿವಿಗೆ ನನ್ನ ಪ್ರಶ್ನೆ ‘ಯಾವ ಹೋಟೆಲಿನಲ್ಲಿ ಇಳಿದಿದ್ದೀರಿ’ ಅಂತ ಕೇಳಿಸಿತ್ತು. ಆದರೆ ಅದೇ ಗುಂಪಿನಲ್ಲಿದ್ದ ಸ್ಕಾಟ್ಲೆಂಡಿನವನಿಗೆ ಏನೂ ಅನ್ನಿಸಲಿಲ್ಲ, ಅವರ ಇಂಗ್ಲಿಷಿನಲ್ಲಿ ‘ಸ್ಟೇ’ ಅಂದರೆ ಕಾಯಂ ಆಗಿ ಇರೋದೂ ಹೌದು. ಅಂದಮೇಲೆ ನಮ್ಮ ಬಳಕೆಯನ್ನು ತಪ್ಪು ಅಂತ ತಳ್ಳಿಹಾಕೋದು ಸರಿಯಲ್ಲ. ಎಲ್ಲ ಕಡೆ ಅರ್ಥ ಆಗಬೇಕು ಅಂದರೆ ಮಾತ್ರ ಮನೆಗೆ ‘ಲಿವ್’, ತಂಗೋದಕ್ಕೆ ‘ಸ್ಟೇ’ ಇಟ್ಟುಕೊಳ್ಳೋದು ಒಳ್ಳೆಯದು.

ಈ ವ್ಯತ್ಯಾಸ ನಮಗೆ ಗೊತ್ತಿಲ್ಲದ್ದೇನಲ್ಲ. ಫೋನ್ ಮಾಡಿ ‘ಎಲ್ಲಿದ್ದೀರಿ?’ ಅಂತೀವಿ. ಹೊಸಬರು ಸಿಕ್ಕರೆ ‘ಎಲ್ಲಿರೋದು ನೀವು?’ ಅಂತೀವಿ. ಬೇರೆ ಊರಿಂದ ಬಂದವರನ್ನು ‘ಎಲ್ಲಿ ಇಳ್ಕೊಂಡಿದ್ದೀರಿ?’ ಅಂತೀವಿ. ಮೂರೂ ಬೇರೆ ಪ್ರಶ್ನೆ. ಇಂಗ್ಲಿಷಿನಲ್ಲಿ ಕ್ರಮವಾಗಿ ‘ವೇರ್ ಆರ್ ಯು’, ‘ವೇರ್ ಡು ಯು ಲಿವ್’, ‘ವೇರ್ ಆರ್ ಯು ಸ್ಟೇಯಿಂಗ್’. ಮೊದಲು ಕನ್ನಡದ ಪ್ರಶ್ನೆ ಯಾವುದು ಅಂತ ಮನಸ್ಸಿನಲ್ಲಿ ಕೇಳಿಕೊಂಡರೆ ಇಂಗ್ಲಿಷ್ ಪದ ತಾನಾಗೇ ಸಿಗುತ್ತದೆ.

ಹೊಸಕಲಿಕೆ
ಇದು ಬರೆದಿಟ್ಟುಕೊಂಡೆ! ಎಲ್ಲಿದ್ದೀರಿ, ಎಲ್ಲಿರೋದು, ಎಲ್ಲಿ ಇಳ್ಕೊಂಡಿದ್ದೀರಿ. ಇಷ್ಟು ದಿನ ಮೂರಕ್ಕೂ ‘ಸ್ಟೇ’ ಹಾಕುತ್ತಿದ್ದೆ.

ಮಳೆಬಿಲ್ಲು
ಕಾಗುಣಿತದ ಬಗ್ಗೆಯೂ ಎಚ್ಚರ. ನಾನು ಬಾಡಿಗೆ ಮನೆಯಲ್ಲಿದ್ದಾಗ ಗೋಡೆ ಸೋರುತ್ತಿತ್ತು, ಮನೆ ಮಾಲೀಕರಿಗೆ ಇಂಗ್ಲಿಷಿನಲ್ಲಿ ಮೆಸೇಜ್ ಕಳಿಸಿದೆ. ‘ಮೂರು ವರ್ಷದಿಂದ ಇಲ್ಲೇ ಇದ್ದೇನೆ, ಒಮ್ಮೆಯೂ ರಿಪೇರಿ ಆಗಿಲ್ಲ’ ಅಂತ ಹೇಳಬೇಕಿತ್ತು. ‘ಐ ಆ್ಯಮ್ ಲೀವಿಂಗ್ ಹಿಯರ್’ ಅಂತ ಬರೆದಿದ್ದೆ, ಅಂದರೆ ಬಿಟ್ಟು ಹೋಗುವ ‘ಲೀವ್’. ಅವರು ಗೋಡೆಯ ಮಾತೇ ಎತ್ತಲಿಲ್ಲ, ‘ಯಾವ ತಾರೀಕಿಗೆ ಖಾಲಿ ಮಾಡ್ತೀರಿ’ ಅಂತ ಕೇಳಿದರು, ಮಾರನೇ ದಿನವೇ ಮನೆ ನೋಡೋಕೆ ಬೇರೆಯವರನ್ನು ಕಳಿಸಿದರು. ಬಾಗಿಲಲ್ಲಿ ಗುರುತಿಲ್ಲದ ಗಂಡ ಹೆಂಡತಿ ನಿಂತಿದ್ದಾರೆ, ನನಗೆ ಏನಾಗುತ್ತಿದೆ ಅಂತಲೇ ಗೊತ್ತಿಲ್ಲ. ಆಮೇಲೆ ಫೋನ್ ಮಾಡಿ ಕನ್ನಡದಲ್ಲೇ ವಿವರಿಸಿದ ಮೇಲೆ ಸರಿ ಹೋಯಿತು.

ಅಂದಿನಿಂದ ನನಗೆ ಕನ್ನಡ ಲಿಪಿಯೇ ಸಹಾಯ. ಇರುವುದು ‘ಲಿ’, ಹ್ರಸ್ವ. ಹೋಗುವುದು ‘ಲೀ’, ದೀರ್ಘ. ಬರೆಯುವ ಮೊದಲು ಕನ್ನಡದಲ್ಲಿ ಒಮ್ಮೆ ಅಂದುಕೊಳ್ಳುತ್ತೇನೆ.

ಹಳೇಮೇಷ್ಟ್ರು
ಅದೇ ಕಾಗುಣಿತದಲ್ಲಿ ಇನ್ನೊಂದಿದೆ. ನೇರ ಪ್ರಸಾರದ ‘ಲೈವ್’. ಬರೆಯುವುದು ಒಂದೇ ಥರ, ಓದುವುದು ಬೇರೆ. ಕ್ರಿಯಾಪದ ಆದರೆ ‘ಲಿವ್’, ವಿಶೇಷಣ ಆದರೆ ‘ಲೈವ್’. ‘ಹಿ ಲಿವ್ಸ್ ಹಿಯರ್’ನ ‘ಲಿವ್ಸ್’, ‘ಲೈಫ್’ನ ಬಹುವಚನ ‘ಲೈವ್ಸ್’, ಇವೂ ಹಾಗೇ. ವಾಕ್ಯ ನೋಡಿಯೇ ಓದಬೇಕು.

ಸಣ್ಣಮಾತು
‘ಇನ್‌ಹ್ಯಾಬಿಟ್’ ಮನುಷ್ಯನೊಬ್ಬನಿಗೆ ಬರುವುದೇ ಇಲ್ಲ ಅಂದರೆ, ನಟರ ಬಗ್ಗೆ ಬರೆಯುವಾಗ ‘ಹಿ ಇನ್‌ಹ್ಯಾಬಿಟ್ಸ್ ದಿ ರೋಲ್’ ಅಂತ ಓದಿದ ನೆನಪಿದೆಯಲ್ಲ?

ಪದಬೇಟೆ
ಅದು ಬೇರೆ ಬಳಕೆ, ಬಹಳ ಚಂದದ್ದು. ಪಾತ್ರದ ಒಳಗೇ ಹೋಗಿ ಅದನ್ನು ತುಂಬಿಕೊಳ್ಳುವುದು. ನಮ್ಮಲ್ಲಿ ಇದಕ್ಕೆ ‘ಪರಕಾಯ ಪ್ರವೇಶ’ ಅನ್ನೋ ಸಿದ್ಧ ಮಾತೇ ಇದೆ. ಇಂಥ ಕಡೆ ‘ಪಾತ್ರದಲ್ಲಿ ವಾಸಿಸಿದರು’ ಅಂತ ಅನುವಾದ ಮಾಡಿದರೆ ಓದುಗ ಪುಸ್ತಕ ಮುಚ್ಚಿಡುತ್ತಾನೆ. ‘ಆ ಪಾತ್ರವೇ ಆಗಿಬಿಟ್ಟರು’ ಅನ್ನಿ.

ಈ ಪದದ ಬಾಲದಲ್ಲಿ ಒಂದು ಗುಂಡಿಯೂ ಇದೆ, ಎಷ್ಟೋ ಜನ ಬೀಳುತ್ತಾರೆ. ‘ಇನ್‌ಹ್ಯಾಬಿಟಬಲ್’ ಅಂದರೆ ವಾಸಕ್ಕೆ ಯೋಗ್ಯ. ಆ ‘ಇನ್’ ನೋಡಿ ‘ಇನ್‌ಕರೆಕ್ಟ್’ ಥರ ‘ಅಲ್ಲ’ ಅನ್ನೋ ಅರ್ಥ ಹಚ್ಚಬೇಡಿ, ಇಲ್ಲಿನ ‘ಇನ್’ ‘ಒಳಗೆ’ ಅನ್ನೋದು. ‘ಹ್ಯಾಬಿಟಬಲ್’ ಅಂದರೂ ಅದೇ ಅರ್ಥ. ಬದುಕಲಾಗದ ಜಾಗಕ್ಕೆ ‘ಅನ್‌ಇನ್‌ಹ್ಯಾಬಿಟಬಲ್’. ಹಿಂದೆ ಇಂಗ್ಲಿಷಿನವರೇ ‘ಇನ್‌ಹ್ಯಾಬಿಟಬಲ್’ ಪದವನ್ನು ‘ವಾಸಿಸಲಾಗದ’ ಅಂತಲೂ ಬಳಸಿದ್ದುಂಟು, ಹಾಗಾಗಿ ಗೊಂದಲ ನಮ್ಮದೊಂದೇ ಅಲ್ಲ.

‘ಅನ್‌ಇನ್‌ಹ್ಯಾಬಿಟೆಡ್’ ಮತ್ತೆ ಬೇರೆ. ಯಾರೂ ಇಲ್ಲದ ಜಾಗ, ಅಷ್ಟೇ, ಇರೋಕೆ ಆಗಲ್ಲ ಅಂತ ಅಲ್ಲ. ಮಕ್ಕಳ ವಿಜ್ಞಾನ ಪುಸ್ತಕವೊಂದರ ಕರಡಿನಲ್ಲಿ ಒಂದು ‘ಅನ್‌ಇನ್‌ಹ್ಯಾಬಿಟೆಡ್’ ದ್ವೀಪವನ್ನು ‘ಬದುಕಲು ಸಾಧ್ಯವಿಲ್ಲದ ದ್ವೀಪ’ ಅಂತ ಬರೆದಿದ್ದರು. ಅಲ್ಲಿ ಮರ ಇದೆ, ನೀರಿದೆ, ಹಕ್ಕಿ ಇದೆ, ಜನ ಹೋಗಿ ಮನೆ ಮಾಡಿಲ್ಲ ಅಷ್ಟೇ. ‘ಜನವಸತಿ ಇಲ್ಲದ ದ್ವೀಪ’ ಅಂತ ತಿದ್ದಿದೆ. ಮಗು ಅದನ್ನು ಓದಿ ನಂಬುತ್ತದೆ, ಆದ್ದರಿಂದ ಇದು ಸಣ್ಣ ತಪ್ಪು ಅಂತ ನನಗೆ ಅನ್ನಿಸಲ್ಲ.

ಸೊನ್ನೆಒಂದು
ಹಾಗಾದರೆ ಅಂಟಾರ್ಕ್ಟಿಕಾ ಒಂದನ್ನೇ ಇಟ್ಟುಕೊಂಡು ಎಲ್ಲ ಪದ ಹೊಂದಿಸಬಹುದು ಅಲ್ವಾ? ಪೆಂಗ್ವಿನ್‌ಗಳು ‘ಇನ್‌ಹ್ಯಾಬಿಟ್’ ಮಾಡುತ್ತವೆ. ಸಂಶೋಧಕರು ಕೆಲವು ತಿಂಗಳು ‘ಲಿವ್’ ಮಾಡುತ್ತಾರೆ. ಹಡಗಿನಲ್ಲಿ ನೋಡೋಕೆ ಹೋದವರು ಒಂದೆರಡು ರಾತ್ರಿ ‘ಸ್ಟೇ’ ಮಾಡಬಹುದು. ಕಾಯಂ ಆಗಿ ಅಲ್ಲಿ ‘ರಿಸೈಡ್’ ಮಾಡುವವರು ಯಾರೂ ಇಲ್ಲ.

ಹಳೇಮೇಷ್ಟ್ರು
ಭೇಷ್. ತರಗತಿಯಲ್ಲಿ ಬೋರ್ಡ್ ಮೇಲೆ ಬರೆಯುವಂಥ ಉದಾಹರಣೆ. ‘ಡ್ವೆಲ್’ ಒಂದು ಉಳಿಯಿತು ನೋಡಿ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ದಾರಿ ತಪ್ಪಿಸು, ತಡೆ ಅನ್ನೋ ಅರ್ಥ ಇತ್ತು. ಅದು ತಡಮಾಡು ಆಯಿತು, ಆಮೇಲೆ ಅಲ್ಲೇ ನಿಲ್ಲು, ಕೊನೆಗೆ ಮನೆ ಮಾಡಿಕೊಂಡು ಇರು. ಈಗ ವಾಸದ ಅರ್ಥದಲ್ಲಿ ಕಥೆ, ಕವಿತೆ, ಪ್ರಾರ್ಥನೆಗಳಲ್ಲೇ ಜಾಸ್ತಿ. ದಿನಬಳಕೆಯಲ್ಲಿ ಉಳಿದಿರುವುದು ‘ಡ್ವೆಲ್ ಆನ್’. ಒಂದು ವಿಷಯವನ್ನೇ ಹಿಡ್ಕೊಂಡು ಕೂರುವುದು. ‘ಡೋಂಟ್ ಡ್ವೆಲ್ ಆನ್ ಇಟ್’ ಅಂದರೆ ಅದನ್ನೇ ಮನಸ್ಸಿಗೆ ಹಚ್ಚಿಕೊಂಡು ಕೂರಬೇಡ. ಆ ಹಳೆಯ ‘ತಡಮಾಡು’ ಇಲ್ಲಿ ಇನ್ನೂ ಜೀವಂತ ಇದೆ. ಅರ್ಜಿಯಲ್ಲಿ ಮಾತ್ರ ಬೇಡ.

ಹೊಸಕಲಿಕೆ
ಇಷ್ಟು ಓದಿದ ಮೇಲೆ ‘ಲಿವ್’ ಸಾದಾ ಅಂತ ಕೀಳಾಗಿ ನೋಡಿದ್ದು ತಪ್ಪು ಅನ್ನಿಸುತ್ತಿದೆ. ಕೊನೆಯದೊಂದು ಕೇಳಲೇ? ಇಲ್ಲಿಗೆ ಬರುವ ಮೊದಲು ನಾಲ್ಕು ವರ್ಷ ಇನ್ನೊಂದು ಊರಿನಲ್ಲಿದ್ದೆ. ಅದಕ್ಕೂ ‘ಹ್ಯಾವ್ ಲಿವ್ಡ್’ ಅನ್ನಬಹುದಾ?

ಪದಬೇಟೆ
ಬೇಡ. ಕನ್ನಡದಲ್ಲಿ ಹೇಳಿ ನೋಡಿ. ಅಲ್ಲಿ ‘ನಾಲ್ಕು ವರ್ಷ ಇದ್ದೆ’. ಇಲ್ಲಿ ‘ಆರು ವರ್ಷದಿಂದ ಇದ್ದೇನೆ’. ಮೊದಲನೆಯದರಲ್ಲಿ ‘ಇಂದ’ ಇಲ್ಲ, ‘ಏನೆ’ ಇಲ್ಲ. ಅದು ಮುಗಿದ ಲೆಕ್ಕ. ಹಾಗಾಗಿ ‘ಐ ಲಿವ್ಡ್ ದೇರ್ ಫಾರ್ ಫೋರ್ ಇಯರ್ಸ್’. ‘ಹ್ಯಾವ್’ ಹಾಕಿದರೆ ನೀವು ಇನ್ನೂ ಅಲ್ಲೇ ಇದ್ದೀರಿ ಅಂದುಕೊಳ್ಳುತ್ತಾರೆ. ‘ಫಾರ್’ ಎರಡು ಕಡೆಯೂ ಬರುತ್ತದೆ, ಅದನ್ನು ನೋಡಿ ಮೋಸ ಹೋಗಬೇಡಿ.

ಹೊಸಕಲಿಕೆ
ಹೀಗೆ ಬರೆದಿದ್ದೇನೆ, ಒಮ್ಮೆ ನೋಡಿ. ‘ಐ ಹ್ಯಾವ್ ಲಿವ್ಡ್ ಇನ್ ದಿಸ್ ಸಿಟಿ ಫಾರ್ ಸಿಕ್ಸ್ ಇಯರ್ಸ್. ಬಿಫೋರ್ ದಟ್, ಐ ಲಿವ್ಡ್ ಇನ್ ಎ ಸ್ಮಾಲ್ ಟೌನ್ ಫಾರ್ ಫೋರ್ ಇಯರ್ಸ್. ಐ ಆ್ಯಮ್ ಸ್ಟೇಯಿಂಗ್ ವಿತ್ ಎ ಫ್ರೆಂಡ್ ದಿಸ್ ಮಂತ್.’ ಮನೆಗೆ ಬಣ್ಣ ಹೊಡೆಯುತ್ತಿದ್ದಾರೆ, ಅದಕ್ಕೇ ಕೊನೆಯ ಸಾಲು.

ಹಳೇಮೇಷ್ಟ್ರು
ಒಂದಕ್ಷರ ತಿದ್ದುವಂತಿಲ್ಲ. ಆದರೆ ಕೊನೆಯ ಸಾಲು ಅರ್ಜಿಗೆ ಬೇಕಾ ಯೋಚಿಸಿ, ಅವರು ಪತ್ರ ಕಳಿಸುವುದು ಮನೆಯ ವಿಳಾಸಕ್ಕೆ ತಾನೇ?

ಹೊಸಕಲಿಕೆ
ಹೌದು ಮೇಷ್ಟ್ರೇ. ಆ ಸಾಲು ತೆಗೆದೆ. ಜೊತೆಗಿನ ವಿಳಾಸದ ಪತ್ರದಲ್ಲಿ ಮಾತ್ರ ‘ಐ ರಿಸೈಡ್ ಆ್ಯಟ್’ ಉಳಿಸಿಕೊಂಡಿದ್ದೇನೆ. ಇವತ್ತು ರಾತ್ರಿಯೇ ಕಳಿಸುತ್ತೇನೆ.